ಒಂದೇ ಹಬೆಗೆ ಎರಡು ಕೆಲಸ

ಪೆಟ್ರೋಲ್ ಬಂಕುಗಳಲ್ಲಿ ‘ಇ20’ ಎಂಬ ಬರಹವನ್ನು ನೀವೆಲ್ಲ ನೋಡಿರುತ್ತೀರಿ. ನೂರು ಭಾಗದಲ್ಲಿ ಇಪ್ಪತ್ತು ಭಾಗ ಎಥನಾಲ್, ಉಳಿದದ್ದು ಪೆಟ್ರೋಲ್ ಎಂದು ಅದರ ಅರ್ಥ. ಮೊದಲು 2030ಕ್ಕೆ ಎಂದು ಇಟ್ಟುಕೊಂಡಿದ್ದ ಈ ಗುರಿಯನ್ನು ನಮ್ಮ ದೇಶ 2025ರಲ್ಲೇ ಮುಟ್ಟಿತು. ಆ ಎಥನಾಲಿನಲ್ಲಿ ಒಂದು ಪಾಲು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಬ್ಬಿನದು. ಇದನ್ನು ಹಸಿರು ಇಂಧನ ಎಂದು ಕರೆಯುತ್ತಾರೆ. ಕರೆಯಲಿ. ಆದರೆ ವಿಜ್ಞಾನ ಓದುತ್ತಿರುವ ನಮಗೆ ಒಂದು ಪ್ರಶ್ನೆ ಏಳಬೇಕು: ಒಂದು ಲೀಟರ್ ಎಥನಾಲ್ ಎಷ್ಟು ಶಾಖ ಕೊಡುತ್ತದೆ, ಅದನ್ನು ನೀರಿನಿಂದ ಬೇರೆ ಮಾಡಲು ನಾವು ಎಷ್ಟು ಶಾಖ ಸುಡುತ್ತೇವೆ?

ಲೆಕ್ಕ ಕಷ್ಟವಿಲ್ಲ. ಒಂದು ಲೀಟರ್ ಎಥನಾಲ್ ಉರಿದರೆ ಸುಮಾರು 21 ಮೆಗಾಜೂಲ್ ಶಾಖ ಸಿಗುತ್ತದೆ. ಹಳೆಯ ಮಾದರಿಯ ಡಿಸ್ಟಿಲರಿಗಳಲ್ಲಿ ಒಂದು ಲೀಟರಿಗೆ 3 ಕಿಲೋಗಿಂತ ಹೆಚ್ಚು ಸ್ಟೀಮ್ ಬೇಕು. ಮೂರೂವರೆ ಕಿಲೋ ಎಂದಿಟ್ಟುಕೊಳ್ಳೋಣ. ಒಂದು ಕಿಲೋ ಸ್ಟೀಮ್ ತಿರುಗಿ ನೀರಾಗುವಾಗ ಸುಮಾರು 2.25 ಮೆಗಾಜೂಲ್ ಬಿಟ್ಟುಕೊಡುತ್ತದೆ. ಅಲ್ಲಿಗೆ 7.9 ಮೆಗಾಜೂಲ್ ಆಯಿತು. ಬಾಯ್ಲರಿನಲ್ಲಿ ಸುಟ್ಟ ಶಾಖದ ಮುಕ್ಕಾಲು ಪಾಲು ಮಾತ್ರ ಸ್ಟೀಮಿಗೆ ಸೇರುತ್ತದೆ ಎಂದುಕೊಂಡರೆ, ಸುಡಬೇಕಾದದ್ದು 10.5 ಮೆಗಾಜೂಲ್. ಇಪ್ಪತ್ತೊಂದು ಪಡೆಯಲು ಹತ್ತೂವರೆ ಖರ್ಚು!

ಸಕ್ಕರೆ ಕಾರ್ಖಾನೆಗೆ ಅಂಟಿಕೊಂಡ ಡಿಸ್ಟಿಲರಿಯಲ್ಲಿ ಸುಡುವುದು ಕಬ್ಬಿನ ಸಿಪ್ಪೆ. ಅದು ಹೇಗೂ ಅಲ್ಲೇ ಬಿದ್ದಿರುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಮೆಕ್ಕೆಜೋಳ, ಅಕ್ಕಿಯಿಂದ ಎಥನಾಲ್ ತೆಗೆಯುವ ಘಟಕಗಳಿಗೆ ಸಿಪ್ಪೆ ಎಲ್ಲಿಂದ ಬರಬೇಕು? ಅವುಗಳಲ್ಲಿ ಅನೇಕವು ಕಲ್ಲಿದ್ದಲು ಸುಡುತ್ತವೆ. ಕಲ್ಲಿದ್ದಲು ಸುಟ್ಟು ಹಸಿರು ಇಂಧನ ತೆಗೆದರೆ ಆ ಹಸಿರು ಎಷ್ಟು ಉಳಿದೀತು ಎಂಬುದು ಕೊನೆಗೆ ಈ ಸ್ಟೀಮಿನ ಲೆಕ್ಕದ ಮೇಲೆಯೇ ನಿಲ್ಲುತ್ತದೆ.

ಈ ಲೇಖನ ಬರೆಯುತ್ತೇನೆಂದಾಗ ಗೆಳೆಯನೊಬ್ಬ, “ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಡಿಸ್ಟಿಲರಿ ಬಗ್ಗೆ ಬರೀತೀಯಾ?” ಎಂದು ಹುಬ್ಬೇರಿಸಿದ. ಅವನ ಪ್ರಶ್ನೆ ತಪ್ಪಲ್ಲ. ನಾನು ಬರೆಯುತ್ತಿರುವುದು ವಾಹನದ ಟ್ಯಾಂಕಿಗೆ ಹೋಗುವ, ಕುಡಿಯಲಾಗದ ಇಂಧನದ ಬಗ್ಗೆ. ಅಲ್ಲದೆ ಬಟ್ಟಿ ಇಳಿಸುವ ವಿದ್ಯೆಗೂ ನಮಗೂ ಹಳೆಯ ನಂಟಿದೆ. ಬಟ್ಟಿ ಪಾತ್ರೆಗೆ ಇಂಗ್ಲಿಷಿನಲ್ಲಿರುವ ‘ಅಲೆಂಬಿಕ್’ ಎಂಬ ಹೆಸರು ಅರಬ್ಬಿಯ ‘ಅಲ್-ಅಂಬೀಕ್’ನಿಂದ ಬಂದದ್ದು. ‘ಆಲ್ಕೋಹಾಲ್’ ಎಂಬ ಪದದ ಮೂಲ ‘ಅಲ್-ಕುಹ್ಲ್’, ಅಂದರೆ ನಾವು ಕಣ್ಣಿಗೆ ಹಚ್ಚುವ ಸುರ್ಮಾ! ಒಂಬತ್ತನೇ ಶತಮಾನದಲ್ಲಿ ಅಲ್-ಕಿಂದಿ ಅತ್ತರು ಮತ್ತು ಬಟ್ಟಿ ಇಳಿಸುವಿಕೆಯ ಮೇಲೆ ಒಂದು ಗ್ರಂಥವನ್ನೇ ಬರೆದರು. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದು ಎಂದು ಕಲಿತು ಬೆಳೆದವರು ನಾವು. ಹಬೆ ಪೋಲಾಗುವುದನ್ನು ತಡೆಯುವ ವಿಷಯ ನಮಗೆ ಹೊರಗಿನದಾಗಲು ಸಾಧ್ಯವಿಲ್ಲ ಎಂದು ನಾನು ಅವನಿಗೆ ಹೇಳಿದೆ.

ಇನ್ನೂ ಒಂದು ಕಾರಣವಿದೆ. ನನ್ನ ಮಾಮು ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಎಥನಾಲ್ ಘಟಕದಲ್ಲಿ ಶಿಫ್ಟ್ ಆಪರೇಟರ್. ಹಳೆಯ ಘಟಕವನ್ನು ಕೆಡವದೆ, ಇದ್ದ ಕಬ್ಬಿಣದಲ್ಲೇ ಬದಲಾವಣೆ ಮಾಡಿ ಸ್ಟೀಮ್ ಉಳಿಸುವ ಕೆಲಸ ಅಲ್ಲಿ ನಡೆಯಿತು. ಇದಕ್ಕೆ ರೆಟ್ರೋಫಿಟ್ ಎನ್ನುತ್ತಾರೆ. ಜನ ವಾಸವಾಗಿರುವ ಮನೆಯಲ್ಲೇ ಅಡುಗೆಮನೆ ರಿಪೇರಿ ಮಾಡಿದ ಹಾಗೆ. ಇಲ್ಲಿರುವ ಅರ್ಧ ವಿಷಯ ಅವರು ಹೇಳಿಕೊಟ್ಟದ್ದು, ಉಳಿದರ್ಧ ನಾನು ಪುಸ್ತಕ ಹಿಡಿದು ಲೆಕ್ಕ ಹಾಕಿದ್ದು.

ಮೊದಲು ಸ್ಟೀಮ್ ಎಲ್ಲಿ ಹೋಗುತ್ತದೆ ನೋಡೋಣ. ಕಾಕಂಬಿಗೆ ನೀರು, ಯೀಸ್ಟ್ ಸೇರಿಸಿ ಹುದುಗಿಸಿದಾಗ ಸಿಗುವ ದ್ರವಕ್ಕೆ ‘ವಾಶ್’ ಎಂದು ಹೆಸರು. ಅದರಲ್ಲಿ ಎಥನಾಲ್ ಸುಮಾರು ಹತ್ತು ಭಾಗ, ಉಳಿದದ್ದು ಬಹುತೇಕ ನೀರು. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ, ನೀರು 100ರಲ್ಲಿ. ಹಾಗಾದರೆ ವಾಶ್ ಅನ್ನು 78ಕ್ಕೆ ಕಾಯಿಸಿದರೆ ಎಥನಾಲ್ ಮಾತ್ರ ಹಾರಿಹೋಗಬೇಕಲ್ಲ ಎಂದು ನಮ್ಮಲ್ಲಿ ಬಹಳ ಜನ ಅಂದುಕೊಳ್ಳುತ್ತೇವೆ. ಹಾಗೆ ಆಗುವುದಿಲ್ಲ. ಎರಡೂ ಒಟ್ಟಿಗೇ ಆವಿಯಾಗುತ್ತವೆ. ಆವಿಯಲ್ಲಿ ಎಥನಾಲಿನ ಪಾಲು ದ್ರವದಲ್ಲಿ ಇದ್ದದ್ದಕ್ಕಿಂತ ಹೆಚ್ಚಿರುತ್ತದೆ, ಅಷ್ಟೇ. ಆ ಆವಿಯನ್ನು ತಣಿಸಿ ಮತ್ತೆ ಕುದಿಸಿದರೆ ಪಾಲು ಇನ್ನೂ ಹೆಚ್ಚುತ್ತದೆ. ಎತ್ತರದ ಕಾಲಮ್ಮಿನೊಳಗೆ ಒಂದರ ಮೇಲೊಂದು ಇಟ್ಟ ತಟ್ಟೆಗಳಲ್ಲಿ, ಅಂದರೆ ಟ್ರೇಗಳಲ್ಲಿ, ಈ ಕೆಲಸ ಹತ್ತಾರು ಬಾರಿ ನಡೆಯುತ್ತದೆ. ಕೆಳಗಿನಿಂದ ಆವಿ ಏರುತ್ತದೆ, ಮೇಲಿನಿಂದ ದ್ರವ ಇಳಿಯುತ್ತದೆ, ಪ್ರತಿ ಟ್ರೇಯಲ್ಲೂ ಇವೆರಡು ಎದುರಾಗುತ್ತವೆ.

ಮೇಲಿನಿಂದ ಇಳಿಯುವ ದ್ರವ ಎಲ್ಲಿಂದ ಬರಬೇಕು? ಮೇಲೆ ಬಂದ ಶುದ್ಧ ಎಥನಾಲನ್ನೇ ತಣಿಸಿ ಅದರಲ್ಲಿ ದೊಡ್ಡ ಭಾಗವನ್ನು ಮತ್ತೆ ಕಾಲಮ್ಮಿಗೆ ಸುರಿಯಬೇಕು. ಇದೇ ರಿಫ್ಲಕ್ಸ್. ಒಂದು ಲೀಟರ್ ಹೊರಗೆ ತೆಗೆದುಕೊಳ್ಳಬೇಕಾದರೆ ಮೂರು ಲೀಟರ್ ಹಿಂದಕ್ಕೆ ಕಳಿಸಬೇಕು ಎಂದುಕೊಳ್ಳಿ. ಆಗ ನಾಲ್ಕು ಲೀಟರ್ ಆವಿ ಮಾಡಿದ ಹಾಗಾಯಿತು. ಒಂದು ಲೀಟರ್ ಎಥನಾಲ್ ಆವಿಯಾಗಲು ಬೇಕಾದದ್ದು ಸುಮಾರು 0.66 ಮೆಗಾಜೂಲ್, ಅಂದರೆ 0.3 ಕಿಲೋ ಸ್ಟೀಮ್ ಸಾಕು. ನಾಲ್ಕು ಪಟ್ಟು ಎಂದರೆ 1.2 ಕಿಲೋ. ಇನ್ನು, ಒಂದು ಲೀಟರ್ ಎಥನಾಲಿಗೆ ಹತ್ತು ಲೀಟರ್ ವಾಶ್ ಕಾಯಬೇಕು. 30 ಡಿಗ್ರಿಯಿಂದ 95ಕ್ಕೆ ಏರಿಸಲು 10 × 4.2 × 65, ಅಂದರೆ 2,730 ಕಿಲೋಜೂಲ್. ಅದು ಮತ್ತೊಂದು 1.2 ಕಿಲೋ ಸ್ಟೀಮ್. ವಾಶ್‌ನಿಂದ ಎಥನಾಲನ್ನು ಕೊನೆಯ ಹನಿಯವರೆಗೆ ಬಿಡಿಸಲು ಮೊದಲ ಕಾಲಮ್ಮಿನ ತಳದಲ್ಲಿ ನೀರನ್ನೂ ಕುದಿಸುತ್ತಲೇ ಇರಬೇಕು. ಹೀಗೆ ಮೂರು ಕಿಲೋ ದಾಟುತ್ತದೆ.

ಈಗ ಮುಖ್ಯವಾದ ಮಾತು. ಇಷ್ಟೆಲ್ಲ ಶಾಖ ಎಥನಾಲಿನೊಳಗೆ ಸೇರಿಕೊಂಡು ಟ್ಯಾಂಕರಿನಲ್ಲಿ ಹೋಗುತ್ತದೆಯೇ? ಇಲ್ಲ. ಎಥನಾಲ್ ಹೊರಗೆ ಹೋಗುವಾಗ ತಣ್ಣಗಿರುತ್ತದೆ. ಹಾಕಿದ ಶಾಖವೆಲ್ಲ ಹೊರಗೆ ಬಂದೇ ಬರುತ್ತದೆ, ಒಂದು ಪಾಲು ಕಂಡೆನ್ಸರಿನ ನೀರಿನಲ್ಲಿ, ಇನ್ನೊಂದು ಪಾಲು ತಳದಿಂದ ಹೋಗುವ ಬಿಸಿ ದ್ರವದಲ್ಲಿ. ಕಾರ್ಖಾನೆಗೆ ಹೋದಾಗ ಮಾಮು ಕೂಲಿಂಗ್ ಟವರಿನ ಕಡೆ ಕೈ ತೋರಿಸಿ ಹೇಳಿದ್ದರು: “ನಾವ್ ಒಲ್ಯಾಗ ಹಾಕಿದ್ ಸಿಪ್ಪಿ ಎಲ್ಲಾ ಆ ಟವರಿನಿಂದ ಮ್ಯಾಲೆ ಹೊಂಟೈತಿ ನೋಡ.” ಆಗ ನನಗೆ ತಮಾಷೆ ಅನ್ನಿಸಿತ್ತು. ಶಕ್ತಿ ನಾಶವಾಗುವುದಿಲ್ಲ ಎಂಬ ನಿಯಮವನ್ನು ಇಷ್ಟು ನೇರವಾಗಿ ಹೇಳಿದವರನ್ನು ನಾನು ಆಮೇಲೆ ನೋಡಿಲ್ಲ. ಶಾಖ ಕಳೆದುಹೋಗಿಲ್ಲ, ಅದರ ಮಟ್ಟ ಇಳಿದಿದೆ. 130 ಡಿಗ್ರಿಯಲ್ಲಿ ಒಳಗೆ ಹೋದದ್ದು 78 ಡಿಗ್ರಿಯಲ್ಲಿ ಹೊರಗೆ ಬಂತು. ಶಕ್ತಿ ಉಳಿಸುವ ಜಾಣತನವೆಲ್ಲ ಈ ಇಳಿದ ಮಟ್ಟದ ಶಾಖಕ್ಕೆ ಎರಡನೆಯ ಕೆಲಸ ಹುಡುಕಿ ಕೊಡುವುದರಲ್ಲಿದೆ.

ಅತಿ ಸುಲಭದ ಕೆಲಸ ವಾಶ್ ಕಾಯಿಸುವುದು. ಮೊದಲ ಕಾಲಮ್ಮಿನ ತಳದಿಂದ ಎಥನಾಲ್ ಕಳೆದುಕೊಂಡ ದ್ರವ, ಸ್ಪೆಂಟ್ ವಾಶ್, ನೂರರ ಹತ್ತಿರದ ಬಿಸಿಯಲ್ಲಿ ಹೊರಬರುತ್ತದೆ. ಒಳಗೆ ಬರುವ ವಾಶ್ 30 ಡಿಗ್ರಿಯಲ್ಲಿರುತ್ತದೆ. ಎರಡನ್ನೂ ಒಂದು ಪ್ಲೇಟ್ ಹೀಟ್ ಎಕ್ಸ್‌ಚೇಂಜರಿನಲ್ಲಿ ತಗಡಿನ ಆಚೆ-ಈಚೆ ಹರಿಸಿದರೆ ಬರುವ ವಾಶ್ 80–85 ಡಿಗ್ರಿಗೆ ಏರುತ್ತದೆ. ಮೇಲೆ ಹಾಕಿದ 1.2 ಕಿಲೋದಲ್ಲಿ ಸುಮಾರು ಕಾಲು ಕಿಲೋ ಮಾತ್ರ ಉಳಿಯುತ್ತದೆ. ಹಳೆಯ ಘಟಕಗಳಲ್ಲೂ ಇಂಥ ಎಕ್ಸ್‌ಚೇಂಜರ್ ಇರುತ್ತದೆ, ಆದರೆ ಚಿಕ್ಕದು. ಮೇಲಾಗಿ ಕಸ ಕಟ್ಟಿಕೊಂಡಿರುತ್ತದೆ. ಹೊಸ ಯಂತ್ರ ಕೊಳ್ಳುವ ಮೊದಲು ಇದ್ದದ್ದನ್ನು ಬಿಚ್ಚಿ ತೊಳೆದರೇ ಉಳಿತಾಯ ಶುರು ಎಂದು ಮಾಮು ಹೇಳುತ್ತಾರೆ. ನನಗೆ ಇದು ಪುಸ್ತಕದ ಎಲ್ಲ ಸೂತ್ರಗಳಿಗಿಂತ ದೊಡ್ಡ ಮಾತು ಅನ್ನಿಸಿತು.

ಟ್ರೇಗಳ ವಿಷಯ ಬೇಗ ಮುಗಿಸುತ್ತೇನೆ. ಸವೆದ, ಹಳೆಯ ವಿನ್ಯಾಸದ ಟ್ರೇ ತೆಗೆದು ಚೆನ್ನಾಗಿ ಬೆರೆಸುವ ಟ್ರೇಗಳನ್ನೋ, ಸುಕ್ಕುಗಟ್ಟಿದ ತೆಳು ತಗಡಿನ ಪ್ಯಾಕಿಂಗನ್ನೋ ಹಾಕಿದರೆ ಅದೇ ಎತ್ತರದಲ್ಲಿ ಹೆಚ್ಚು ಬೇರ್ಪಡಿಕೆ ಸಿಗುತ್ತದೆ. ಆಗ ಮೂರು ಲೀಟರ್ ರಿಫ್ಲಕ್ಸ್ ಬದಲು ಎರಡೂವರೆ ಸಾಕಾಗಬಹುದು. ಉಳಿದ ಅರ್ಧ ಲೀಟರ್ ಆವಿ ಮಾಡುವ ಸ್ಟೀಮ್ ನಮ್ಮದು.

ನಿಜವಾದ ಉಳಿತಾಯ ಇರುವುದು ಕಾಲಮ್ ಕಾಲಮ್ಮುಗಳನ್ನು ಒಂದಕ್ಕೊಂದು ಕಟ್ಟುವುದರಲ್ಲಿ. ಎಥನಾಲ್ ಘಟಕದಲ್ಲಿ ಮುಖ್ಯವಾಗಿ ಎರಡು ಕಾಲಮ್ ಇರುತ್ತವೆ. ಮೊದಲನೆಯದು ಅನಲೈಸರ್, ವಾಶ್‌ನಿಂದ ಎಥನಾಲ್ ಬಿಡಿಸುವುದು ಅದರ ಕೆಲಸ. ಎರಡನೆಯದು ರೆಕ್ಟಿಫೈಯರ್, ಅದನ್ನು ಸುಮಾರು 95 ಭಾಗದವರೆಗೆ ಶುದ್ಧ ಮಾಡುತ್ತದೆ. ಹಳೆಯ ಪದ್ಧತಿಯಲ್ಲಿ ಎರಡೂ ಸಾಮಾನ್ಯ ವಾಯುಒತ್ತಡದಲ್ಲಿ ನಡೆಯುತ್ತವೆ, ಎರಡಕ್ಕೂ ಬೇರೆ ಬೇರೆ ಸ್ಟೀಮ್ ಬೇಕು. ರೆಕ್ಟಿಫೈಯರಿನ ತಲೆಯಿಂದ ಹೊರಡುವ ಆವಿಯನ್ನು ಅನಲೈಸರಿನ ತಳ ಕುದಿಸಲು ಬಳಸಬಾರದೇಕೆ? ಬಳಸಲು ಆಗುವುದಿಲ್ಲ, ಏಕೆಂದರೆ ಆ ಆವಿ 78 ಡಿಗ್ರಿ, ಕುದಿಯಬೇಕಾದ ತಳ 100 ಡಿಗ್ರಿ. ಶಾಖ ತಾನಾಗಿ ಕೆಳಗಿನಿಂದ ಮೇಲಕ್ಕೆ ಹತ್ತುವುದಿಲ್ಲ.

ಇಲ್ಲಿ ನೆರವಿಗೆ ಬರುವುದು ನಾವು ಬಾಯಿಪಾಠ ಮಾಡಿ ಮರೆಯುವ ಒಂದು ಸಂಗತಿ: ಒತ್ತಡ ಬದಲಾದರೆ ಕುದಿಬಿಂದು ಬದಲಾಗುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ನೀರು 120ಕ್ಕೆ ಕುದಿಯುತ್ತದೆ, ಬೆಟ್ಟದ ಮೇಲೆ ನೂರಕ್ಕಿಂತ ಕೆಳಗೇ ಕುದಿಯುತ್ತದೆ. ಅನಲೈಸರನ್ನು ನಿರ್ವಾತ ಪಂಪಿನಿಂದ ಅರ್ಧ ಬಾರ್ ಒತ್ತಡಕ್ಕೆ ಇಳಿಸಿದರೆ ಅದರ ತಳದ ನೀರು ಸುಮಾರು 81 ಡಿಗ್ರಿಯಲ್ಲೇ ಕುದಿಯುತ್ತದೆ. ರೆಕ್ಟಿಫೈಯರಿನ ಒತ್ತಡವನ್ನು 2 ಬಾರಿಗೆ ಏರಿಸಿದರೆ ಅದರ ತಲೆಯ ಎಥನಾಲ್ ಆವಿ ಸುಮಾರು 97 ಡಿಗ್ರಿಯಲ್ಲಿರುತ್ತದೆ. ಈಗ 97 ಮೇಲೆ, 81 ಕೆಳಗೆ. ಹದಿನಾರು ಡಿಗ್ರಿಯ ಇಳಿಜಾರು ಸಿಕ್ಕಿತು! ರೆಕ್ಟಿಫೈಯರಿನ ಆವಿ ತಣಿದು ದ್ರವವಾಗುತ್ತಾ ಅನಲೈಸರಿನ ತಳವನ್ನು ಕುದಿಸುತ್ತದೆ. ಕಂಡೆನ್ಸರ್ ಮಾಡುತ್ತಿದ್ದ ಕೆಲಸವೂ ಆಯಿತು, ಬಾಯ್ಲರಿನ ಸ್ಟೀಮ್ ಮಾಡುತ್ತಿದ್ದ ಕೆಲಸವೂ ಆಯಿತು. ಲೀಟರಿಗೆ ಬೇಕಾದ ಸ್ಟೀಮ್ ಎರಡು ಕಿಲೋದ ಆಸುಪಾಸಿಗೆ ಬರುತ್ತದೆ. ಇದನ್ನು ಬಹುಒತ್ತಡ ಪದ್ಧತಿ ಎನ್ನುತ್ತಾರೆ.

ದಿನಕ್ಕೆ 60,000 ಲೀಟರ್ ತೆಗೆಯುವ ಘಟಕದಲ್ಲಿ ಲೀಟರಿಗೆ ಒಂದೂವರೆ ಕಿಲೋ ಉಳಿದರೆ ದಿನಕ್ಕೆ 90 ಟನ್ ಸ್ಟೀಮ್. ಒಂದು ಟನ್ ಸಿಪ್ಪೆಯಿಂದ ಸುಮಾರು 2.2 ಟನ್ ಸ್ಟೀಮ್ ಬರುತ್ತದೆ ಎಂದು ಹಿಡಿದರೆ, ದಿನವೂ 40 ಟನ್ ಸಿಪ್ಪೆ ಒಲೆಗೆ ಬೀಳದೆ ಉಳಿಯಿತು. ಆ ಸಿಪ್ಪೆಯಿಂದ ವಿದ್ಯುತ್ ತೆಗೆದು ಗ್ರಿಡ್‌ಗೆ ಮಾರಬಹುದು, ಕಾಗದದ ಕಾರ್ಖಾನೆಗೂ ಕೊಡಬಹುದು.

ಕೇಳಲು ಇಷ್ಟು ಸೊಗಸಾಗಿದ್ದರೆ ಎಲ್ಲರೂ ಒಂದೇ ವಾರದಲ್ಲಿ ಮಾಡಿಬಿಡುತ್ತಿದ್ದರು. ಹೊಸ ಘಟಕ ಕಟ್ಟುವವರಿಗೆ ಇದು ಸುಲಭ. ಹಳೆಯ ಕಾಲಮ್ ಇಟ್ಟುಕೊಂಡವರಿಗೆ ಅಲ್ಲ. ಒತ್ತಡ ಅರ್ಧಕ್ಕೆ ಇಳಿದರೆ ಅದೇ ತೂಕದ ಆವಿ ಎರಡು ಪಟ್ಟು ಜಾಗ ಕೇಳುತ್ತದೆ. ಕಾಲಮ್ಮಿನ ವ್ಯಾಸ ಮಾತ್ರ ಇದ್ದಷ್ಟೇ. ಆವಿಯ ವೇಗ ಹೆಚ್ಚಿ, ಟ್ರೇಗಳಲ್ಲಿ ಇಳಿಯಬೇಕಾದ ದ್ರವವನ್ನು ಅದು ಎತ್ತಿ ಹಿಡಿಯುತ್ತದೆ. ಕಾಲಮ್ ಉಸಿರುಗಟ್ಟಿದಂತೆ ತುಂಬಿಕೊಳ್ಳುತ್ತದೆ. ಆವಿ ಎಷ್ಟು ಜೋರಾಗಿ ಹೋಗಬಹುದು ಎಂಬ ಮಿತಿ ಅದರ ಸಾಂದ್ರತೆಯ ವರ್ಗಮೂಲವನ್ನು ಅವಲಂಬಿಸಿದೆ. ಲೆಕ್ಕ ಹಾಕಿದರೆ ಅರ್ಧ ಒತ್ತಡದಲ್ಲಿ ಹಳೆಯ ಅನಲೈಸರ್ ಮೊದಲಿನ ಶೇ. 70ರಷ್ಟು ಮಾತ್ರ ಸಾಗಿಸಬಲ್ಲದು. ಸ್ಟೀಮ್ ಉಳಿಯಿತು, ಉತ್ಪಾದನೆ ಬಿತ್ತು ಎಂದರೆ ಯಾವ ಮಾಲೀಕರು ಒಪ್ಪುತ್ತಾರೆ? ಅದಕ್ಕೇ ಅಂಥ ಕಡೆ ಟ್ರೇ ಬದಲಾಯಿಸಬೇಕು, ಇಲ್ಲವೇ ಅನಲೈಸರಿಗೆ ಜೊತೆಯಾಗಿ ಇನ್ನೊಂದು ನಿಲ್ಲಿಸಬೇಕು. ವಾತಾವರಣದ ಒತ್ತಡಕ್ಕೆಂದು ಮಾಡಿದ ತಗಡು ನಿರ್ವಾತದಲ್ಲಿ ಒಳಕ್ಕೆ ಕುಗ್ಗದಂತೆ ಬಳೆ ಹಾಕಬೇಕಾಗಬಹುದು.

ಇನ್ನೊಂದು ತೊಡಕು ರೆಕ್ಟಿಫೈಯರಿನ ತಳದಲ್ಲಿದೆ. 2 ಬಾರಿನಲ್ಲಿ ಅಲ್ಲಿನ ನೀರು ಕುದಿಯುವುದು 120 ಡಿಗ್ರಿಯಲ್ಲಿ. ಸಕ್ಕರೆ ಕಾರ್ಖಾನೆಯ ಟರ್ಬೈನಿನಿಂದ ಹೊರಬರುವ ಸ್ಟೀಮ್ ಸಾಮಾನ್ಯವಾಗಿ 125 ಡಿಗ್ರಿ ಆಸುಪಾಸಿನದು. ಐದು ಡಿಗ್ರಿಯ ಇಳಿಜಾರಿನಲ್ಲಿ ಶಾಖ ತೆವಳುತ್ತದೆ. ಹೆಚ್ಚು ಒತ್ತಡದ ಸ್ಟೀಮ್ ಬೇಕೆಂದರೆ ಟರ್ಬೈನಿನಲ್ಲಿ ಅದು ಇನ್ನೂ ವಿದ್ಯುತ್ ಮಾಡುವ ಮೊದಲೇ ಎಳೆದುಕೊಳ್ಳಬೇಕು. ಸ್ಟೀಮಿನ ಕಿಲೋ ಕಡಿಮೆಯಾಯಿತು, ಆದರೆ ಪ್ರತಿ ಕಿಲೋದ ಬೆಲೆ ಏರಿತು. ಬರೀ ಕಿಲೋ ಲೆಕ್ಕ ತೋರಿಸಿ ಉಳಿತಾಯ ಎನ್ನುವವರನ್ನು ಈ ಕಾರಣಕ್ಕೆ ಸ್ವಲ್ಪ ಅನುಮಾನದಿಂದಲೇ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಮನುಷ್ಯರ ತೊಡಕು. ಮೊದಲು ಎರಡು ಕಾಲಮ್ ಎರಡು ಸಂಸಾರದಂತೆ ಇದ್ದವು. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತಿತ್ತು. ಈಗ ರೆಕ್ಟಿಫೈಯರ್ ತಪ್ಪಿದರೆ ಅನಲೈಸರಿಗೆ ಶಾಖವಿಲ್ಲ, ಅನಲೈಸರ್ ತಪ್ಪಿದರೆ ರೆಕ್ಟಿಫೈಯರಿಗೆ ಕಂಡೆನ್ಸರ್ ಇಲ್ಲ. ಮಾಮುವಿನ ಘಟಕದಲ್ಲಿ ಬದಲಾವಣೆಯಾದ ಮೊದಲ ತಿಂಗಳು ಅವರು ಮನೆಗೆ ಸರಿಯಾಗಿ ಊಟಕ್ಕೆ ಬಂದದ್ದು ಕಡಿಮೆ. “ಮೊದ್ಲ ಕಿವಿಲೆ ಕೇಳಿ ಕಾಲಮ್ ನಡಸ್ತಿದ್ವಿ, ಈಗ ಎರಡೂ ಒಮ್ಮಿಗೇ ಒದರ್ತಾವ” ಎನ್ನುತ್ತಿದ್ದರು. ಕಂಪ್ಯೂಟರ್ ನಿಯಂತ್ರಣ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ಆದರೂ ಶುರು ಮಾಡುವ ಹೊತ್ತಿಗೆಂದು ಹಳೆಯ ಸ್ಟೀಮ್ ಪೈಪನ್ನು ಕಿತ್ತುಹಾಕದೆ ಉಳಿಸಿಕೊಂಡಿದ್ದಾರೆ. ಅದು ಬುದ್ಧಿವಂತಿಕೆ.

ನಿರ್ವಾತದಿಂದ ಒಂದು ಲಾಭ ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯದೇ ಸಿಕ್ಕಿತಂತೆ. ಕಾಕಂಬಿಯಲ್ಲಿ ಕ್ಯಾಲ್ಸಿಯಂ ಲವಣಗಳಿವೆ. ಕ್ಯಾಲ್ಸಿಯಂ ಸಲ್ಫೇಟ್ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುತ್ತದೆ, ಟ್ರೇಗಳ ಮೇಲೆ ಗಾರೆಯಂತೆ ಕೂರುತ್ತದೆ. 100ರ ಬದಲು 81 ಡಿಗ್ರಿಯಲ್ಲಿ ನಡೆದಾಗ ಈ ಗಾರೆ ಕಡಿಮೆ. ನಿಲ್ಲಿಸಿ ಕೆರೆಯುವ ದಿನಗಳೂ ಕಡಿಮೆ.

ಯಾವ ಬಿಸಿಯಿಂದ ಯಾವ ತಂಪನ್ನು ಕಾಯಿಸಬೇಕು ಎಂಬುದನ್ನು ಕಣ್ಣಂದಾಜಿನಲ್ಲಿ ಮಾಡಿದರೆ ಎಡವುತ್ತೇವೆ. ಇದಕ್ಕೆ ಒಂದು ಶಿಸ್ತು 1970ರ ದಶಕದ ಕೊನೆಯಲ್ಲಿ ಬಂತು. ತೈಲ ಬೆಲೆ ಜಿಗಿದಿದ್ದ ಕಾಲ ಅದು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಬೋಡೋ ಲಿನ್‌ಹಾಫ್ ‘ಪಿಂಚ್’ ಎಂಬ ಪದ್ಧತಿಯನ್ನು ಬೆಳೆಸಿದರು. ಘಟಕದಲ್ಲಿ ತಣಿಯಬೇಕಾದ ಹರಿವುಗಳನ್ನೆಲ್ಲ ಕೂಡಿಸಿ ಒಂದು ರೇಖೆ, ಕಾಯಬೇಕಾದವನ್ನೆಲ್ಲ ಕೂಡಿಸಿ ಇನ್ನೊಂದು ರೇಖೆ ಎಳೆಯಬೇಕು. ಎರಡು ರೇಖೆ ಅತಿ ಹತ್ತಿರ ಬರುವ ತಾಪವೇ ಪಿಂಚ್, ಅಂದರೆ ಚಿವುಟಿದಂಥ ಜಾಗ. ಅದರ ಮೇಲಿನ ಶಾಖವನ್ನು ಕೆಳಗೆ ಬಿಟ್ಟುಕೊಡಬಾರದು; ಬಿಟ್ಟರೆ ಬಿಟ್ಟಷ್ಟನ್ನು ಒಲೆಯಿಂದ ಮತ್ತೆ ತರಬೇಕಾಗುತ್ತದೆ. ಘಟಕಕ್ಕೆ ಕನಿಷ್ಠ ಎಷ್ಟು ಶಾಖ ಬೇಕು ಎಂಬುದು ಒಂದು ಪೈಪೂ ಹಾಕುವ ಮುಂಚೆಯೇ ಕಾಗದದ ಮೇಲೆ ಗೊತ್ತಾಗಿಬಿಡುತ್ತದೆ. ಬ್ರಿಟನ್ನಿನ ಐಸಿಐ ಕಂಪನಿ ತನ್ನ ಕಚ್ಚಾತೈಲ ಬಟ್ಟಿ ಘಟಕದ ಉತ್ಪಾದನೆ ಹೆಚ್ಚಿಸಲು ಹೊರಟಾಗ ಹೊಸ ಕುಲುಮೆಯೇ ಬೇಕು ಎಂಬ ಲೆಕ್ಕವಿತ್ತು. ಈ ಪದ್ಧತಿಯಿಂದ ನೋಡಿ ಸರಿಯಾದ ಜಾಗಗಳಲ್ಲಿ ಎಕ್ಸ್‌ಚೇಂಜರ್ ಸೇರಿಸಿದ ಮೇಲೆ ಆ ಕುಲುಮೆ ಬೇಕಾಗಲೇ ಇಲ್ಲ. ನಮ್ಮ ಮಂಗಳೂರಿನಲ್ಲಿರುವಂಥ ತೈಲ ಶುದ್ಧೀಕರಣ ಘಟಕಗಳಲ್ಲೂ ಕಚ್ಚಾತೈಲ ಕುಲುಮೆ ಸೇರುವ ಮೊದಲು ಎಕ್ಸ್‌ಚೇಂಜರುಗಳ ಒಂದು ಸಾಲನ್ನೇ ದಾಟಿ ಬರುತ್ತದೆ. ಕಾಲಮ್ಮಿನಿಂದ ಇಳಿಯುವ ಡೀಸೆಲ್, ಸೀಮೆಎಣ್ಣೆಗಳ ಬಿಸಿಯೇ ಅದನ್ನು ಕಾಯಿಸುತ್ತದೆ.

ಪೆಟ್ರೋಲಿಗೆ ಬೆರೆಸುವ ಎಥನಾಲ್ 99 ಭಾಗಕ್ಕಿಂತ ಹೆಚ್ಚು ಶುದ್ಧವಿರಬೇಕು. ಬಟ್ಟಿ ಇಳಿಸಿದರೆ 95ರ ಆಸುಪಾಸಿನಲ್ಲಿ ಅಜಿಯೋಟ್ರೋಪ್ ಅಡ್ಡ ನಿಲ್ಲುತ್ತದೆ ಎಂದು ಎರಡನೇ ಪಿಯುಸಿಯ ‘ದ್ರಾವಣಗಳು’ ಪಾಠದಲ್ಲಿ ಓದಿದ್ದೇವೆ. ಹಿಂದೆ ಬೆಂಜೀನ್‌ನಂಥ ಮೂರನೆಯ ದ್ರವ ಸೇರಿಸಿ ಮತ್ತೆ ಬಟ್ಟಿ ಇಳಿಸುತ್ತಿದ್ದರು. ಸ್ಟೀಮೂ ಖರ್ಚು, ಬೆಂಜೀನ್ ಕ್ಯಾನ್ಸರ್ ತರುವ ವಸ್ತು ಬೇರೆ. ಈಗ 3 ಆಂಗ್‌ಸ್ಟ್ರಾಮ್ ರಂಧ್ರಗಳ ಜಿಯೋಲೈಟ್ ಗುಳಿಗೆಗಳ ಮೂಲಕ ಆವಿಯನ್ನು ಹಾಯಿಸುತ್ತಾರೆ. ನೀರಿನ ಅಣು ಒಳಗೆ ನುಗ್ಗಿ ಸಿಕ್ಕಿಬೀಳುತ್ತದೆ, ದಪ್ಪನೆಯ ಎಥನಾಲ್ ಅಣು ಹಾಗೇ ಮುಂದೆ ಹೋಗುತ್ತದೆ. ಜರಡಿ ಹಿಡಿಯಬಹುದಾದ ಕಡೆ ಕುದಿಸುವ ಗೋಜೇ ಬೇಡ.

ಇಷ್ಟಾದರೂ ಮಾಮುವಿನ ಘಟಕದಲ್ಲಿ ಒಲೆ ತಣ್ಣಗಾಗಿಲ್ಲ. ಲೀಟರ್ ಎಥನಾಲಿಗೆ ಹತ್ತಿರ ಹತ್ತಿರ ಹತ್ತು ಲೀಟರ್ ಬರುವ ಕಂದು ಬಣ್ಣದ ಸ್ಪೆಂಟ್ ವಾಶ್ ಇದೆಯಲ್ಲ, ಅದನ್ನು ಹಳ್ಳಕ್ಕಾಗಲಿ ಹೊಲಕ್ಕಾಗಲಿ ಬಿಡುವಂತಿಲ್ಲ. ಕೃಷ್ಣೆ, ಘಟಪ್ರಭೆಯ ದಡದ ಊರಿನವರಿಗೆ ಅದರ ವಾಸನೆ ಏನೆಂದು ಹೇಳಬೇಕಾಗಿಲ್ಲ. ಒಂದು ಹನಿಯೂ ಹೊರಗೆ ಹೋಗದಂತೆ ಅದನ್ನು ಇಂಗಿಸಿ, ಗಟ್ಟಿ ಮಾಡಿ, ಬಾಯ್ಲರಿನಲ್ಲಿ ಸುಡುತ್ತಾರೆ. ಇಂಗಿಸಲು ಮತ್ತೆ ಸ್ಟೀಮ್ ಬೇಕು. ಕಾಲಮ್ಮಿನಲ್ಲಿ ಉಳಿಸಿದ್ದನ್ನು ಅದು ತಿನ್ನುತ್ತದೆ. ಹಾಗಾಗಿ ಕಾಲಮ್ಮಿನ ಆವಿಗೆ ಮೂರನೆಯದೊಂದು ಕೆಲಸ ಹಚ್ಚುವ ಯೋಚನೆ ನಡೆದಿದೆ. ಅನಲೈಸರಿನ ತಲೆಯಿಂದ ಅರವತ್ತು-ಎಪ್ಪತ್ತು ಡಿಗ್ರಿಯಲ್ಲಿ ಹೊರಡುವ ಆವಿಯ ಒಂದು ಪಾಲನ್ನು ಇನ್ನೂ ಆಳದ ನಿರ್ವಾತದಲ್ಲಿರುವ ಇವಾಪೊರೇಟರಿಗೆ ತಿರುಗಿಸುವುದು. ಅಲ್ಲಿ ನೀರು 50 ಡಿಗ್ರಿಗೇ ಕುದಿಯುತ್ತದೆ. ಕಾರ್ಖಾನೆ ಮಳೆಗಾಲದಲ್ಲಿ ಬಂದ್ ಆದಾಗ ಪೈಪ್ ಎಳೆಯುತ್ತಾರಂತೆ. ಅನಲೈಸರಿನ ಪಕ್ಕದಲ್ಲಿ ಅದಕ್ಕೆ ಜಾಗ ಅಳೆದು ಸುಣ್ಣದಲ್ಲಿ ಗುರುತು ಹಾಕಿದ್ದಾರೆ.